ಕಾಲಜ್ಞಾನ: ಅಮೆರಿಕದ್ದು, ನಮ್ಮದು

ಕಾಲಜ್ಞಾನ ಅಂದ ಕೂಡಲೇ ವಾಟ್ಸ್‌ಆ್ಯಪ್‌ನ ಫ್ಯಾಮಿಲಿ ಗ್ರೂಪು ನೆನಪಾದರೆ ತಪ್ಪು ನಿಮ್ಮದಲ್ಲ. ಕೊರೊನಾ ಬಂದಾಗ, ಭೂಮಿ ನಡುಗಿದಾಗ, ಯಾವುದಾದರೂ ಸರ್ಕಾರ ಬಿದ್ದಾಗ ‘ಇದನ್ನು ನೂರಾರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದರು’ ಎಂಬ ಮೆಸೇಜು ಎಲ್ಲಿಂದಲೋ ಬಂದು ಬೀಳುತ್ತದೆ. ದೊಡ್ಡಪ್ಪಂದಿರು ಕೈಮುಗಿಯುತ್ತಾರೆ, ಎಂಜಿನಿಯರಿಂಗ್ ಓದುವ ಹುಡುಗರು ನಗುತ್ತಾರೆ, ಅಲ್ಲಿಗೆ ಮುಗಿಯಿತು.

ಆದರೆ ನಮ್ಮ ಕಾಲಜ್ಞಾನದ ಪದಗಳು ಹುಟ್ಟಿದ್ದು ರೋಗ ರುಜಿನದ ಭವಿಷ್ಯ ಹೇಳುವುದಕ್ಕಷ್ಟೇ ಅಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಕನಸು ಮುರಿದುಬಿತ್ತು, ಶರಣರು ದಿಕ್ಕಾಪಾಲಾದರು. 1565ರಲ್ಲಿ ವಿಜಯನಗರ ಹಾಳಾಯಿತು. ಒಬ್ಬ ದೊರೆ ಹೋದರೆ ಇನ್ನೊಬ್ಬ, ಒಂದು ದಂಡು ಹೋದರೆ ಇನ್ನೊಂದು. ಇಂಥ ಕಾಲದಲ್ಲಿ ಜನ ತಮ್ಮಷ್ಟಕ್ಕೆ ಹಾಡಿಕೊಂಡ ಮಾತೆಂದರೆ, ಇದು ಹೀಗೇ ಇರುವುದಿಲ್ಲ ಎಂಬುದು. ವೀರ ವಸಂತರಾಯ ಎಂಬೊಬ್ಬ ಬರುತ್ತಾನೆ, ಅನ್ಯಾಯದ ಅರಸರನ್ನು ಇಳಿಸುತ್ತಾನೆ, ಕಲ್ಯಾಣ ಮತ್ತೆ ಕಲ್ಯಾಣವಾಗುತ್ತದೆ. ಈಗಿನ ಯಾದಗಿರಿ ಜಿಲ್ಲೆಯ ಕೊಡೇಕಲ್ ಬಸವಣ್ಣನ ಪರಂಪರೆಯಲ್ಲಿ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ, ಅಲ್ಲಿ ಇವತ್ತಿಗೂ ಕಾಲಜ್ಞಾನಕ್ಕೆ ಮರ್ಯಾದೆ ಇದೆ. ಮೈಲಾರದ ಕಾರ್ಣಿಕ ನಿಮಗೆ ಗೊತ್ತೇ ಇದೆ: ಗೊರವಯ್ಯ ಬಿಲ್ಲು ಏರಿ ನುಡಿಯುವುದು ಒಂದೇ ಸಾಲು, ಅದನ್ನು ಮಳೆಗೆ, ಬೆಳೆಗೆ, ವಿಧಾನಸೌಧಕ್ಕೆ ಹೊಂದಿಸಿಕೊಳ್ಳುವುದು ಜನರ ಕೆಲಸ.

ಈ ಅಂಕಣದಲ್ಲಿ ನಾನು ಅಮೆರಿಕದ ಕಾಲಜ್ಞಾನದ ಬಗ್ಗೆ ಬರೆಯಲು ಕೂತಿದ್ದೇನೆ. 1776ಕ್ಕೆ 250 ವರ್ಷ ಎಂಬ ನೆಪದಲ್ಲಿ ಆ ದೇಶದ ಸಹೋದ್ಯೋಗಿಯೊಬ್ಬರು ಕಳಿಸಿದ ಹಳೆಯ ಪದ್ಯಗಳ ಸಂಕಲನವನ್ನು ರಾತ್ರಿ ಸಪೋರ್ಟ್ ಶಿಫ್ಟಿನಲ್ಲಿ, ಸರ್ವರ್ ಬ್ಯಾಕಪ್ ಆಗುವಾಗ ಓದುತ್ತಾ ಬಂದೆ. ಓದಿದಷ್ಟೂ ನಮ್ಮ ವಸಂತರಾಯ ನೆನಪಾದ.

1771ರ ಸೆಪ್ಟೆಂಬರ್. ಇಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಎನಿಸಿಕೊಂಡಿರುವ ಕಾಲೇಜಿನ ಘಟಿಕೋತ್ಸವ. ಫಿಲಿಪ್ ಫ್ರೆನೋ ಮತ್ತು ಹ್ಯೂ ಹೆನ್ರಿ ಬ್ರಾಕೆನ್‌ರಿಜ್ ಎಂಬಿಬ್ಬರು ವಿದ್ಯಾರ್ಥಿಗಳು ಸೇರಿ ‘ಅಮೆರಿಕದ ಏಳುತ್ತಿರುವ ವೈಭವ’ ಎಂಬರ್ಥದ ಹೆಸರಿನ ದೀರ್ಘ ಪದ್ಯ ಬರೆದಿದ್ದರು. ಫ್ರೆನೋಗೆ ಆಗ 19 ವರ್ಷ. ವೇದಿಕೆಯ ಮೇಲೆ ಓದಿದವನು ಬ್ರಾಕೆನ್‌ರಿಜ್. ಕಾಡು ಕಡಿದು ನಗರಗಳೇಳುತ್ತವೆ, ಹಡಗುಗಳು ತುಂಬಿ ಬರುತ್ತವೆ, ಇಲ್ಲಿಯ ನದಿಗಳ ದಂಡೆಯಲ್ಲೂ ಮಹಾಕವಿಗಳು ಹುಟ್ಟುತ್ತಾರೆ, ಕೊನೆಗೆ ಯುದ್ಧವಿಲ್ಲದ ಕಾಲವೊಂದು ಬರುತ್ತದೆ ಎಂದು ಪಾತ್ರಗಳು ಮಾತಾಡಿಕೊಳ್ಳುತ್ತವೆ. ತಮಾಷೆಯೆಂದರೆ ಆ ಮೊದಲ ಆವೃತ್ತಿಯಲ್ಲಿ ಬ್ರಿಟನ್ನೇ ತಾಯಿ, ಅದರ ಗುಣಗಾನವೂ ಇದೆ. ಕ್ರಾಂತಿ ಆದ ಮೇಲೆ, 1786ರಲ್ಲಿ ಅದೇ ಪದ್ಯವನ್ನು ಮತ್ತೆ ಅಚ್ಚು ಹಾಕಿಸುವಾಗ ಫ್ರೆನೋ ಆ ಹೊಗಳಿಕೆಯನ್ನೆಲ್ಲ ತೆಗೆದುಹಾಕಿ, ಬ್ರಿಟನ್ನನ್ನು ದಬ್ಬಾಳಿಕೆಯವರ ಸಾಲಿಗೆ ಸೇರಿಸಿದ. ಭವಿಷ್ಯ ಅದೇ, ಖಳನಾಯಕ ಮಾತ್ರ ಬದಲು. ನಡುವೆ 1780ರಲ್ಲಿ ಬ್ರಿಟಿಷರು ಅವನನ್ನು ಸಮುದ್ರದಲ್ಲಿ ಹಿಡಿದು ಸೆರೆಮನೆ ಹಡಗಿನಲ್ಲಿ ಇಟ್ಟಿದ್ದರು, ಹಾಗಾಗಿ ಸಿಟ್ಟಿಗೆ ಕಾರಣವೂ ಇತ್ತೆನ್ನಿ. ಇನ್ನೊಬ್ಬ ಜೋಯಲ್ ಬಾರ್ಲೋ, ಕೊಲಂಬಸ್ ಕಾಣುವ ಕನಸಿನ ರೂಪದಲ್ಲಿ 1787ರಲ್ಲಿ ಒಂದು ಮಹಾಕಾವ್ಯವನ್ನೇ ಬರೆದ. ಸ್ವಾತಂತ್ರ್ಯದ ಆ ಕಾವ್ಯ ಅರ್ಪಣೆಯಾಗಿದ್ದು ಫ್ರಾನ್ಸಿನ ದೊರೆ ಹದಿನಾರನೇ ಲೂಯಿಗೆ! ಆರು ವರ್ಷ ತುಂಬುವುದರೊಳಗೆ ಆ ದೊರೆಯ ತಲೆಯನ್ನು ಅವನ ಪ್ರಜೆಗಳೇ ಕತ್ತರಿಸಿದರು.

ಈ ಇಬ್ಬರನ್ನು ಓದಿ ಪುಸ್ತಕ ಮುಚ್ಚಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ದೊಡ್ಡ ದೊಡ್ಡ ಮಾತು, ಕಂಪನಿಯ ವಿಷನ್ ಸ್ಟೇಟ್‌ಮೆಂಟಿನ ಹಾಗೆ. ನನ್ನನ್ನು ಹಿಡಿದು ಕೂರಿಸಿದವಳು ಫಿಲಿಸ್ ವೀಟ್ಲಿ.

ಪಶ್ಚಿಮ ಆಫ್ರಿಕಾದಲ್ಲಿ ಹುಟ್ಟಿದ ಹುಡುಗಿ. 1761ರಲ್ಲಿ, ಏಳೆಂಟು ವರ್ಷದವಳಿದ್ದಾಗ, ಗುಲಾಮರನ್ನು ತುಂಬಿದ ಹಡಗಿನಲ್ಲಿ ಬಾಸ್ಟನ್ನಿಗೆ ಬಂದಳು. ಆ ಹಡಗಿನ ಹೆಸರು ‘ಫಿಲಿಸ್’. ಕೊಂಡ ಯಜಮಾನನ ಮನೆತನದ ಹೆಸರು ವೀಟ್ಲಿ. ಅಂದರೆ ಅವಳ ಹೆಸರಿನ ಎರಡು ಭಾಗದಲ್ಲಿ ಒಂದು ಸಾಗಿಸಿದವರದ್ದು, ಇನ್ನೊಂದು ಕೊಂಡವರದ್ದು. ಆ ಮನೆಯವರು ಅವಳಿಗೆ ಓದು ಬರಹ ಕಲಿಸಿದರು, ಹುಡುಗಿ ಪದ್ಯ ಬರೆಯತೊಡಗಿದಳು. ಇದು ಅವಳೇ ಬರೆದದ್ದೆಂದು ನಂಬುವವರು ಯಾರು? ಹದಿನೆಂಟು ಮಂದಿ ಬಾಸ್ಟನ್ ಗಣ್ಯರು ಸಹಿ ಹಾಕಿ ಪ್ರಮಾಣಪತ್ರ ಕೊಡಬೇಕಾಯಿತು. ಸಹಿ ಹಾಕಿದವರಲ್ಲಿ ಇಂಗ್ಲೆಂಡಿನ ದೊರೆಯ ಪರವಾಗಿದ್ದ ಗವರ್ನರ್ ಥಾಮಸ್ ಹಚಿನ್ಸನ್ ಇದ್ದ, ಮುಂದೆ ಸ್ವಾತಂತ್ರ್ಯ ಘೋಷಣೆಗೆ ದೊಡ್ಡಕ್ಷರದಲ್ಲಿ ರುಜು ಹಾಕಿದ ಜಾನ್ ಹ್ಯಾನ್‌ಕಾಕ್ ಕೂಡ ಇದ್ದ. ಬೇರೆಲ್ಲದರಲ್ಲೂ ಹಾವು ಮುಂಗುಸಿಯಂತಿದ್ದವರು ಈ ಹುಡುಗಿಯನ್ನು ಪರೀಕ್ಷಿಸುವ ವಿಷಯದಲ್ಲಿ ಒಂದಾಗಿದ್ದರು. ಅಷ್ಟಾದರೂ ಅವಳ ಪುಸ್ತಕ 1773ರಲ್ಲಿ ಅಚ್ಚಾಗಿದ್ದು ಲಂಡನ್ನಿನಲ್ಲಿ.

ಆ ಪುಸ್ತಕದಲ್ಲಿ, ವಸಾಹತುಗಳ ಉಸ್ತುವಾರಿಗೆ ಹೊಸದಾಗಿ ಬಂದ ಡಾರ್ಟ್‌ಮೌತ್ ಎಂಬ ಇಂಗ್ಲಿಷ್ ಮಂತ್ರಿಯನ್ನು ಕುರಿತ ಪದ್ಯವೊಂದಿದೆ. ಶುರುವಿನಲ್ಲಿ ಎಲ್ಲರ ಹಾಗೆಯೇ: ದಬ್ಬಾಳಿಕೆ ಮುಗಿಯುತ್ತದೆ, ಅಮೆರಿಕದ ಸಂಕೋಲೆ ಕಳಚುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಮಾತು ತಿರುಗುತ್ತದೆ. ಸ್ವಾತಂತ್ರ್ಯದ ಮೇಲೆ ನನಗೇಕೆ ಇಷ್ಟು ಪ್ರೀತಿ ಎಂದು ನಿಮಗೆ ಅನಿಸಬಹುದು, ಕೇಳಿ, ನನ್ನನ್ನು ಮಗುವಾಗಿದ್ದಾಗಲೇ ತಂದೆಯ ಮಡಿಲಿನಿಂದ ಕಿತ್ತು ತಂದರು, ಆ ತಂದೆ ಎಷ್ಟು ಸಂಕಟಪಟ್ಟಿರಬೇಕು ಎನ್ನುತ್ತಾಳೆ. ಅಷ್ಟೇ. ಬೈಗುಳವಿಲ್ಲ, ಕೂಗಾಟವಿಲ್ಲ. ತೆರಿಗೆ ಹೆಚ್ಚಾಯಿತೆಂದು ತಮ್ಮನ್ನು ‘ಗುಲಾಮರು’ ಎಂದು ಕರೆದುಕೊಳ್ಳುತ್ತಿದ್ದ ಊರಿನ ಜನರ ನಡುವೆ, ನಿಜವಾದ ಗುಲಾಮಳೊಬ್ಬಳು ಎದ್ದು ನಿಂತು ಆ ಪದದ ಅರ್ಥ ಹೇಳಿದ ಹಾಗಿದೆ.

ಅವಳ ನಾಳೆ ಏನಾಯಿತು? 1775ರಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಪದ್ಯ ಬರೆದು ಕಳಿಸಿದಳು, ಅವರು ಮೆಚ್ಚಿ ಉತ್ತರವನ್ನೂ ಬರೆದರು. ಅಷ್ಟರಲ್ಲಿ ಅವಳಿಗೆ ಬಿಡುಗಡೆಯೂ ಸಿಕ್ಕಿತ್ತು. ಎರಡನೇ ಪುಸ್ತಕ ತರುತ್ತೇನೆ, ಚಂದಾ ಕೊಡಿ ಎಂದು 1779ರಲ್ಲಿ ಪ್ರಕಟಣೆ ಕೊಟ್ಟಳು, ಸಾಕಷ್ಟು ಜನ ಮುಂದೆ ಬರಲಿಲ್ಲ. 1784ರಲ್ಲಿ, ದೇಶ ಸ್ವತಂತ್ರವಾದ ಮೇಲೆ, ಬಡತನದಲ್ಲಿ ಸತ್ತಳು. ಮೂವತ್ತೊಂದು ಇರಬಹುದು ವಯಸ್ಸು. ಮೂರು ವರ್ಷಕ್ಕೆ ತಯಾರಾದ ಸಂವಿಧಾನ, ರಾಜ್ಯಗಳ ಪ್ರಾತಿನಿಧ್ಯ ಲೆಕ್ಕ ಹಾಕುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲೆಂದು ಎಣಿಸಿತು. 1790ರ ಮೊದಲ ಜನಗಣತಿಯಲ್ಲಿ ಮನೆಯ ಯಜಮಾನನಿಗೆ ಹೆಸರಿದೆ, ಗುಲಾಮರಿಗೆ ಬರೀ ಸಂಖ್ಯೆ. ಒಟ್ಟು ಸುಮಾರು 7 ಲಕ್ಷ.

ಇದೆಲ್ಲ ಕುರಕುಂಭದಲ್ಲಿ ಕೂತವನಿಗೆ ಯಾಕೆ ಬೇಕು ಎಂದು ನೀವು ಕೇಳಬಹುದು. ಕುರಕುಂಭ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಪುಣೆಯಿಂದ ಸೊಲ್ಲಾಪುರ ಹೈವೇ ಹಿಡಿದು ಎಂಬತ್ತು ಕಿಲೋಮೀಟರಿನ ಆಚೀಚೆ, ದೌಂಡ್ ತಾಲ್ಲೂಕು. ಸುತ್ತ ಕಬ್ಬು, ನಡುವೆ ಎಂಐಡಿಸಿ. ಹೆಚ್ಚಿನವು ಕೆಮಿಕಲ್ ಕಾರ್ಖಾನೆಗಳು, ಗಾಳಿ ತಿರುಗಿದರೆ ಮೂಗಿಗೇ ತಿಳಿಯುತ್ತದೆ. ಅಂಥದ್ದೊಂದರಲ್ಲಿ ಸ್ಟಾಕು, ಗೇಟ್ ಎಂಟ್ರಿ, ಡಿಸ್ಪ್ಯಾಚಿನ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು.

ಅಮೆರಿಕದ ಈ ಕಥೆ ನನಗಿಂತ ಎಷ್ಟೋ ಮೊದಲು ಈ ಜಿಲ್ಲೆಗೆ ಬಂದು ಮುಟ್ಟಿತ್ತು. 1873ರಲ್ಲಿ ಪುಣೆಯ ಜೋತಿರಾವ್ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ್ದು ಅಮೆರಿಕದ ಸಜ್ಜನರಿಗೆ. ಕರಿಯರ ಗುಲಾಮಗಿರಿ ತೊಲಗಿಸಲು ನೀವು ತ್ಯಾಗ ಮಾಡಿದಿರಿ, ನಮ್ಮ ದೇಶದವರೂ ನಿಮ್ಮನ್ನು ನೋಡಿ ಶೂದ್ರ ಬಂಧುಗಳ ಬಿಡುಗಡೆಗೆ ಮನಸ್ಸು ಮಾಡಲಿ ಎಂಬುದು ಅರ್ಪಣೆಯ ಇಂಗಿತ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಲ್ಲಿ ರದ್ದಾಗಿ ಆಗ ಎಂಟೇ ವರ್ಷ. ಮುಂದೆ ಅಲ್ಲಿಯ ಕರಿಯರಿಗೆ ಏನೇನು ಕಾದಿತ್ತೆಂದು ಈಗ ಬಲ್ಲ ನಾವು, ಫುಲೆ ಅಮೆರಿಕವನ್ನು ತುಸು ಹೆಚ್ಚೇ ನಂಬಿದರು ಅನ್ನಬಹುದು. ನನಗೆ ಅದು ಮುಖ್ಯ ಅನಿಸುವುದಿಲ್ಲ. ದೂರದ ದೇಶದ ಸ್ವಾತಂತ್ರ್ಯದ ಮಾತನ್ನು ತಮ್ಮ ಮನೆಯ ಹೊಸ್ತಿಲಿಗೆ ತಂದು ನಿಲ್ಲಿಸಿದರಲ್ಲ, ಅದು ದೊಡ್ಡದು. ಅದಕ್ಕೂ ಮೊದಲು, 1854ರಲ್ಲಿ, 23ರ ಹರೆಯದ ಸಾವಿತ್ರಿಬಾಯಿ ‘ಕಾವ್ಯಫುಲೆ’ ಎಂಬ ಪದ್ಯಪುಸ್ತಕ ತಂದಿದ್ದರು. ಅದರಲ್ಲಿ ಇಂಗ್ಲಿಷ್ ವಿದ್ಯೆ ತಾಯಿಯಂತೆ ಬರುತ್ತದೆ. ‘ಬ್ರಿಟಿಷರ ದಬ್ಬಾಳಿಕೆ’ ಎಂದೇ ಪಾಠ ಓದಿ ಬೆಳೆದ ನಮಗೆ ಇದು ಮೊದಲು ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ಪೇಶ್ವೆಯರ ಕಾಲದಲ್ಲಿ ಯಾರಿಗೆ ಬೀದಿಯಲ್ಲಿ ನಡೆಯುವುದೂ ಕಷ್ಟವಾಗಿತ್ತೋ ಅವರ ನಾಳೆಯಲ್ಲಿ ದಬ್ಬಾಳಿಕೆಗೆ ಬೇರೆ ಮುಖವಿತ್ತು. ದೌಂಡಿನ ಪಕ್ಕದಲ್ಲಿ ಹರಿದು ನಮ್ಮ ಕಲಬುರಗಿ, ಯಾದಗಿರಿಗಳ ಕಡೆ ಹೋಗುವ ಭೀಮೆಯ ಮೇಲುದಂಡೆಯಲ್ಲೇ ಕೋರೆಗಾಂವ್ ಇರುವುದು. 1818ರ ಜನವರಿ 1ರ ಕಾಳಗದ ಸ್ಮಾರಕಕ್ಕೆ 1927ರಲ್ಲಿ ಅಂಬೇಡ್ಕರ್ ಬಂದುಹೋದದ್ದು ಈ ಲೆಕ್ಕದಲ್ಲೇ.

ಇನ್ನು ನಮ್ಮ ಕನ್ನಡದ ನಾಳೆ. ನಾನು ಗದಗಿನವನು, ಶಾಲೆಯಲ್ಲಿ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಾಡದೆ ದಿನ ಶುರುವಾಗುತ್ತಿರಲಿಲ್ಲ. ರಾಯರು ನಮ್ಮೂರಿನಲ್ಲಿ ವಕೀಲಿ ಮಾಡಿದವರು. ಹಾಡು 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನದಲ್ಲಿ, ಬೆಳಗಾವಿಯಲ್ಲಿ ಕೇಳಿಬಂತು. ಅಧಿವೇಶನದ ಜಾಗಕ್ಕೆ ಇಟ್ಟ ಹೆಸರು ವಿಜಯನಗರ, ನೀರಿಗೆ ತೋಡಿದ ಬಾವಿಗೆ ಪಂಪಾ ಸರೋವರ. ಹೆಸರುಗಳೆಲ್ಲ ಹಿಂದಕ್ಕೆ ನೋಡುತ್ತಿದ್ದವು, ಹಾಡು ಮಾತ್ರ ಮುಂದಕ್ಕೆ.

ಶೀರ್ಷಿಕೆಯ ಮೊದಲ ಪದವನ್ನೇ ನೋಡಿ. ಕಾಲಜ್ಞಾನ ‘ಬರುತ್ತಾನೆ’ ಎನ್ನುತ್ತದೆ, ಬರುವುದು ಖಂಡಿತ, ನೀನು ಕಾಯಬೇಕು ಅಷ್ಟೇ. ಈ ಹಾಡು ‘ಆಗಲಿ’ ಎನ್ನುತ್ತದೆ. ಬಯಕೆಯೂ ಹೌದು, ಅಪ್ಪಣೆಯೂ ಹೌದು, ಹಾಡುವವನ ಪಾಲೂ ಅದರಲ್ಲಿದೆ. ಆಗ ಕನ್ನಡ ನಾಡು ಎಂಬುದು ನಕ್ಷೆಯಲ್ಲೇ ಇರಲಿಲ್ಲ. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿತ್ತು. ಇಲ್ಲದ ನಾಡಿಗೆ ‘ನಮ್ಮ’ ಎಂದು ಕರೆಯುವುದಕ್ಕೆ ಧೈರ್ಯ ಬೇಕು. 1956ರ ನವೆಂಬರ್ 1ಕ್ಕೆ ಅದು ಆಗಿಯೂ ಬಿಟ್ಟಿತು. ಪೂರ್ತಿ ಅಲ್ಲ, ಕಾಸರಗೋಡು ಆಚೆ ಉಳಿಯಿತು, ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ ಆ ಸಂಕಟ ಹೇಳುತ್ತಲೇ ಹೋದರು. ಆದರೂ ಪದ್ಯವೊಂದು ಬಯಸಿದ ರಾಜ್ಯ ಮೂವತ್ತೆರಡು ವರ್ಷದಲ್ಲಿ ನಿಜವಾದದ್ದು ಸಣ್ಣ ವಿಷಯವೇನಲ್ಲ.

ಬೇಂದ್ರೆಯವರನ್ನು ಇಲ್ಲಿ ಬಿಟ್ಟರೆ ಧಾರವಾಡದ ನಮ್ಮ ಸೋದರಮಾವ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದವರು, 1944ರಿಂದ 1956ರವರೆಗೆ ಸೊಲ್ಲಾಪುರದ ಡಿಎವಿ ಕಾಲೇಜಿನಲ್ಲಿ ಕನ್ನಡ ಕಲಿಸಿದವರು. ನಮ್ಮ ದೌಂಡ್ ಜಂಕ್ಷನ್ ಆ ಎರಡು ಊರುಗಳ ನಡುವಿನ ರೈಲು ಹಾದಿಯಲ್ಲೇ ಇದೆ. ಮನೆಮಾತು ಮರಾಠಿ, ಬರೆದದ್ದು ಕನ್ನಡ, ಗಡಿಗಲಾಟೆ ಎದ್ದಾಗಲೆಲ್ಲ ನಾನು ಸಹೋದ್ಯೋಗಿಗಳಿಗೆ ಹೇಳುವುದು ಇವರ ಹೆಸರನ್ನೇ. ‘ನರಬಲಿ’ ಎಂಬ ಒಂದು ಪದ್ಯಕ್ಕಾಗಿ 1930ರ ದಶಕದ ಆರಂಭದಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಹಿಂಡಲಗಾ ಜೈಲಿಗೆ ಹಾಕಿತು, ಆಮೇಲೆ ಮುಗದದಲ್ಲಿ ನಿರ್ಬಂಧದಲ್ಲಿಟ್ಟಿತು. ಪದ್ಯಕ್ಕೆ ಹೆದರುವ ಸರ್ಕಾರ ಪದ್ಯವನ್ನು ಸರಿಯಾಗಿಯೇ ಓದಿರುತ್ತದೆ.

ಆದರೆ ವೀಟ್ಲಿಯ ತಿರುವು ಕನ್ನಡದ ಸ್ವಾತಂತ್ರ್ಯದ ಹಾಡಿನಲ್ಲಿ ಪೂರ್ತಿ ದನಿಯಲ್ಲಿ ಬಂದದ್ದು 1975ರಲ್ಲಿ ಎಂದು ನನ್ನ ಅಭಿಪ್ರಾಯ. ಕುವೆಂಪು ದಾರಿ ಮಾಡಿಕೊಟ್ಟಿದ್ದರು, ನಿಜ. ‘ಜಲಗಾರ’, ‘ಶೂದ್ರ ತಪಸ್ವಿ’ ಆಗಲೇ ಬಂದಿದ್ದವು. ಆದರೆ ‘ಹೊಲೆಮಾದಿಗರ ಹಾಡು’ ಬಂದಾಗ ಸಿದ್ಧಲಿಂಗಯ್ಯನವರಿಗೆ ಇನ್ನೂ 21, ವೀಟ್ಲಿಯ ಪುಸ್ತಕ ಬಂದಾಗ ಅವಳಿಗಿದ್ದ ವಯಸ್ಸಿನ ಹತ್ತಿರ ಹತ್ತಿರ. ಮಾಗಡಿ ಕಡೆಯ ಹುಡುಗ, ಬೆಂಗಳೂರಿನ ಶ್ರೀರಾಮಪುರದಲ್ಲಿ ಬೆಳೆದವರು. ದೇಶದಲ್ಲಿ ತುರ್ತುಪರಿಸ್ಥಿತಿ ಬಂದ ವರ್ಷವೂ ಅದೇ. ನಲವತ್ತೇಳರ ಸ್ವಾತಂತ್ರ್ಯ ಯಾರ ಮನೆಗೆ ಬಂತು ಎಂದು ಕೇಳುವ ಅವರ ಹಾಡನ್ನು ದಲಿತ ಸಂಘರ್ಷ ಸಮಿತಿಯವರು ತಮಟೆ ಹೊಡೆದು ಊರೂರಲ್ಲಿ ಹಾಡಿದರು. ಅದು ಸ್ವಾತಂತ್ರ್ಯ ಬೇಡ ಎನ್ನುವ ಹಾಡಲ್ಲ. ಬಂದಿದೆ ಅಂದಿರಲ್ಲ, ನಮ್ಮ ಕೇರಿಯಲ್ಲಿ ಕಾಣುತ್ತಿಲ್ಲವಲ್ಲ, ದಾರಿ ತಪ್ಪಿತೇ ಎಂದು ವಿಚಾರಿಸುವ ಹಾಡು. ಮುಂದೆ ಅವರು ವಿಧಾನ ಪರಿಷತ್ತಿಗೆ ಹೋದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹಾಡು ಮಾತ್ರ ಅವರ ಜೊತೆ ವೇದಿಕೆ ಹತ್ತದೆ ಕೆಳಗೇ ಉಳಿದುಕೊಂಡಿತು. ಹಾಗೆ ಉಳಿದದ್ದು ಒಳ್ಳೆಯದೇ ಆಯಿತು.

ಈ ಹಾಡಿನ ವಿಷಯಕ್ಕೇ ಕಳೆದ ವರ್ಷ ನಮ್ಮಲ್ಲಿ ಸಣ್ಣ ಮಾತುಕತೆ ನಡೆಯಿತು. ಕುರಕುಂಭ, ದೌಂಡ್ ಸೇರಿ ಒಂದಷ್ಟು ಕನ್ನಡದ ಮನೆಗಳಿದ್ದೇವೆ, ನವೆಂಬರಿನ ಒಂದು ಭಾನುವಾರ ರಾಜ್ಯೋತ್ಸವ ಮಾಡುತ್ತೇವೆ. ಇಲ್ಲಿ ಒಂದನೇ ತಾರೀಖು ರಜೆ ಇಲ್ಲ ನೋಡಿ. ಹಾಡಿನ ಪಟ್ಟಿ ಮಾಡುವಾಗ ನಾನು ಇದನ್ನೂ ಸೇರಿಸೋಣ ಎಂದೆ. ‘ಹಬ್ಬದ ದಿನ ಹೋರಾಟದ ಹಾಡು ಯಾಕೆ ಸಾರ್, ಮಕ್ಕಳಿರ್ತಾರೆ’ ಎಂದರು ಒಬ್ಬರು. ಒಳ್ಳೆಯ ಮನುಷ್ಯ, ಬೇರೆ ಯಾವ ಉದ್ದೇಶವೂ ಇರಲಿಲ್ಲ. ನಾನು ಕೇಳಿದೆ: ನಮ್ಮ ಪ್ಲಾಂಟಿನ ಲೋಡಿಂಗಿನಲ್ಲಿ ಸುರಪುರ, ಶಹಾಪುರ ಕಡೆಯ ಅಷ್ಟು ಜನ ಇದ್ದಾರಲ್ಲ, ಅವರನ್ನು ಎಂದಾದರೂ ಕರೆದಿದ್ದೇವಾ? ಯಾರೂ ಬೇಡ ಎಂದಿರಲಿಲ್ಲ, ಯಾರಿಗೂ ತೋಚಿರಲಿಲ್ಲ. ಅವರು ಗುತ್ತಿಗೆ ಜನ. ಗೇಟಿನ ಸಾಫ್ಟ್‌ವೇರಿನಲ್ಲಿ ನಮ್ಮಂಥವರಿಗೆ ಹೆಸರು, ಫೋಟೋ, ಎಂಪ್ಲಾಯಿ ಕೋಡು ಇದೆ. ಅವರದ್ದು ಒಂದೇ ಸಾಲು, ಗುತ್ತಿಗೆದಾರನ ಹೆಸರಿನ ಮುಂದೆ ತಲೆ ಎಣಿಕೆ: 14, 17, 22. 1790ರ ಜನಗಣತಿಯ ಬಗ್ಗೆ ಓದುವಾಗ ನನಗೆ ಥಟ್ಟನೆ ಕಂಡದ್ದು ಆ ಸ್ಕ್ರೀನು. ಗುಲಾಮಗಿರಿಗೂ ಇದಕ್ಕೂ ಹೋಲಿಕೆ ಮಾಡುತ್ತಿಲ್ಲ, ಅವರು ಬೇಡವೆಂದರೆ ನಾಳೆಯೇ ಊರಿಗೆ ಹೋಗಬಹುದು. ಎಣಿಸುವ ಕ್ರಮವಷ್ಟೇ ಹೇಳಿದೆ. ಹೆಸರಿನ ಕಾಲಮ್ಮು ಸೇರಿಸಲು ಮೇಲಿನವರಿಗೆ ಕೋರಿಕೆ ಕಳಿಸಿದ್ದೇನೆ, ಮುಂದಿನ ರಿಲೀಸಿನಲ್ಲಿ ನೋಡೋಣ ಎಂದಿದ್ದಾರೆ.

ಅವರಲ್ಲಿ ಹಿರಿಯರೊಬ್ಬರಿದ್ದಾರೆ, ಕಾಕಾ ಎಂದೇ ಎಲ್ಲರೂ ಕರೆಯುವುದು. ಕೊಡೇಕಲ್ ಹತ್ತಿರದ ಹಳ್ಳಿ. ಆ ಸೀಮೆ 1858ರಲ್ಲಿ ಸುರಪುರದ ದೊರೆ ವೆಂಕಟಪ್ಪ ನಾಯಕ ಬ್ರಿಟಿಷರ ಮೇಲೆ ಎದ್ದು ಸೋತ ಮೇಲೆ ನಿಜಾಮನ ಪಾಲಾದದ್ದು. ಹಾಗಾಗಿ 1947ರ ಆಗಸ್ಟಿನಲ್ಲಿ ಅವರೂರಿಗೆ ಸ್ವಾತಂತ್ರ್ಯ ಬರಲೇ ಇಲ್ಲ, ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಸಿದ್ಧಲಿಂಗಯ್ಯನವರ ಪ್ರಶ್ನೆಗೆ ಆ ಊರಲ್ಲಿ ಮೊದಲ ಉತ್ತರವೇ ‘ಹದಿಮೂರು ತಿಂಗಳು ತಡ’ ಎಂದು. ಚಹಾ ಕುಡಿಯುತ್ತ, ವಸಂತರಾಯ ಬರ್ತಾನಂತಲ್ಲ ಕಾಕಾ, ನೀವು ನಂಬ್ತೀರೇನು ಎಂದು ಕೇಳಿದೆ.

‘ಬರ್ತಾನಂತ ಹೇಳ್ಯಾರ್ರಿ ಸರ. ನಮ್ ಮುತ್ಯಾ ಹಾದಿ ನೋಡಿದ, ನಮ್ಮಪ್ಪ ಹಾದಿ ನೋಡಿದ. ನಾ ಯಾದಗಿರ್ಯಾಗ ರೈಲು ಹತ್ತಿ ದೌಂಡಿಗಿ ಬಂದೀನ್ರಿ.’

ಹಾಗಾದರೆ ಪದ ಯಾಕೆ ಹಾಡ್ತೀರಿ ಎಂದರೆ, ‘ಪದ ಬಿಟ್ರ ಅಂವ ಬಂದಾಗ ಗುರ್ತು ಹಿಡಿಯೋರು ಯಾರ್ರಿ?’ ಎಂದು ನಕ್ಕರು.

ಈ ಸಲದ ರಾಜ್ಯೋತ್ಸವವನ್ನು ಅವರ ಶಿಫ್ಟು ಮುಗಿಯುವ ಹೊತ್ತಿಗೆ, ಸಂಜೆ ಏಳಕ್ಕೆ ಇಟ್ಟಿದ್ದೇವೆ. ಮೊದಲು ಹುಯಿಲಗೋಳರ ಹಾಡು, ಮಕ್ಕಳೇ ಹಾಡುತ್ತಾರೆ. ಸಿದ್ಧಲಿಂಗಯ್ಯನವರದ್ದನ್ನು ಹಾಡಲು, ಕಳೆದ ವರ್ಷ ಬೇಡವೆಂದವರ ಮಗಳೇ ಒಪ್ಪಿಕೊಂಡಿದ್ದಾಳೆ, ಯೂಟ್ಯೂಬ್ ನೋಡಿ ರಾಗ ಕೂರಿಸಿಕೊಳ್ಳುತ್ತಿದ್ದಾಳೆ. ಆಮೇಲೆ ಕಾಕಾ ಮತ್ತು ಅವರ ಕಡೆಯ ನಾಲ್ಕು ಜನರಿಂದ ಏಕತಾರಿ, ತಾಳದೊಂದಿಗೆ ಕಾಲಜ್ಞಾನದ ಪದ. ಎಷ್ಟು ಹೊತ್ತು ಬೇಕಾಗುತ್ತೆ ಕಾಕಾ ಎಂದು ಕೇಳಿದ್ದಕ್ಕೆ ‘ಬೆಳತನಕ ಐತ್ರಿ’ ಎಂದರು. ಸದ್ಯಕ್ಕೆ ಪಟ್ಟಿಯಲ್ಲಿ ಅರ್ಧ ಗಂಟೆ ಎಂದು ಬರೆದು, ಪಕ್ಕದಲ್ಲಿ ಊಟದ ಸಮಯವನ್ನು ಪೆನ್ಸಿಲಿನಲ್ಲಿ ಹಾಕಿಟ್ಟಿದ್ದೇನೆ.